ಕರಿ ಹಸುವಿಗೆ ಕರಿ ಹೋರಿಯ ಕಡ್ಡಿ, ಹುಟ್ಟಿದ್ದು ಕೆಂಪು ಕರು: ತಪ್ಪು ಯಾರದ್ದು?

ಆಗುಂಬೆ ದಾರಿಯ ಹೈನುಗಾರ

ನಮ್ಮ ಮನೆಯ ಎಚ್‌ಎಫ್ ಹಸು ಕಾಳಿ ಬುಧವಾರ ರಾತ್ರಿ ಕರು ಹಾಕಿತು. ಎಚ್‌ಎಫ್ ಎಂದರೆ ಹೋಲ್‌ಸ್ಟೀನ್ ಫ್ರೀಶಿಯನ್ ಎಂಬ ವಿದೇಶಿ ಹಾಲಿನ ತಳಿ, ಕಾಳಿ ಎಂದರೆ ಹೆಸರಿಗೆ ತಕ್ಕ ಹಸು. ಹಣೆಯ ಮೇಲೊಂದು ಬಿಳಿ ಚುಕ್ಕೆ, ಹೊಟ್ಟೆಯ ಅಡಿಯಲ್ಲಿ ಒಂದಿಷ್ಟು ಬಿಳುಪು ಬಿಟ್ಟರೆ ಉಳಿದದ್ದೆಲ್ಲ ಕಾಡಿಗೆ ಕಪ್ಪು. ಬೆದೆಗೆ ಬಂದಾಗ ಮನೆಗೆ ಬಂದು ಸೂಜಿ ಹಾಕಿದವರು, ಎಂದರೆ ಹೋರಿಯ ವೀರ್ಯ ತುಂಬಿದ ಕಡ್ಡಿಯಿಂದ ಕೃತಕ ಗರ್ಭಧಾರಣೆ ಮಾಡಿದವರು, ಎಚ್‌ಎಫ್ ಹೋರಿಯದ್ದೇ, ಕಪ್ಪು-ಬಿಳುಪಿನದ್ದೇ ಎಂದು ಹೇಳಿ, ಕಾರ್ಡಿನಲ್ಲಿ ಹೋರಿಯ ಸಂಖ್ಯೆಯನ್ನೂ ಬರೆದು ಹೋಗಿದ್ದರು. ಟಾರ್ಚು ಹಿಡಿದು ನೋಡಿದರೆ ದರಗಿನ ಮೇಲೆ ಮಲಗಿದ್ದ ಹೆಣ್ಣುಗರು ಕೆಂಪು. ಮೈ ಒದ್ದೆಯಾಗಿದ್ದರಿಂದ ಹಾಗೆ ಕಾಣುತ್ತಿದೆ ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ಕಾಳಿ ನೆಕ್ಕಿ ನೆಕ್ಕಿ ಒಣಗಿಸಿತ್ತು. ಆಗಲೂ ಕೆಂಪೇ: ಹೊಸ ಹೆಂಚಿನ ಬಣ್ಣ, ಅದರ ಮೇಲೆ ಬಿಳಿ ಮಚ್ಚೆಗಳು.

ಗಿಣ್ಣು ಒಯ್ಯಲು ಬಂದ ಪಕ್ಕದ ಮನೆಯವರು "ಕಡ್ಡಿ ಬದಲಾಗಿದೆ, ಜರ್ಸಿಯದ್ದು ಹಾಕಿ ಹೋಗಿದ್ದಾರೆ" ಎಂದು ತೀರ್ಪು ಕೊಟ್ಟರು. ದೊಡ್ಡಮ್ಮನ ಲೆಕ್ಕವೇ ಬೇರೆ. ಗಬ್ಬವಾಗಿದ್ದಾಗ ಕಾಳಿಯನ್ನು ಕೆಮ್ಮಣ್ಣು ಗುಂಡಿಯ ಪಕ್ಕ ಕಟ್ಟುತ್ತಿದ್ದೆವಂತೆ, ದಿನವೂ ಅದನ್ನೇ ನೋಡಿ ನೋಡಿ ಕರು ಕೆಂಪಾಯಿತಂತೆ. ನನಗೆ ಪಕ್ಕದ ಮನೆಯವರ ಮಾತೇ ಸರಿಯೆನ್ನಿಸಿತು. ಸೂಜಿ ಹಾಕಿದವರಿಗೆ ಫೋನ್ ಮಾಡಿ ಸ್ವಲ್ಪ ಜೋರಾಗಿಯೇ ಮಾತನಾಡಿದೆ. "ಕಾರ್ಡಿನಲ್ಲಿ ಬರೆದದ್ದನ್ನೇ ಹಾಕಿದ್ದೇನೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ದೂರು ಕೊಡಬಹುದೇ? ಇಲ್ಲಿ ತಿಳಿದವರು ಹೇಳಿ.

ಸಾಗರದ ಅಡಿಕೆ ತೋಟ

ಕೊಡಿ. ಕೇಳುವವರಿಲ್ಲದೆ ಹೀಗೆಲ್ಲ ಆಗುವುದು.

ಹೊಸನಗರದ ಪಶುವೈದ್ಯೆ

ಸ್ವಲ್ಪ ತಡೆಯಿರಿ. ಪಕ್ಕದ ಮನೆಯವರ ವಾದವನ್ನೇ ಒಪ್ಪಿ ನೋಡೋಣ: ಬಂದದ್ದು ಜರ್ಸಿ ಕಡ್ಡಿ ಎಂದು ಇಟ್ಟುಕೊಳ್ಳಿ. ಅಪ್ಪಟ ಕಪ್ಪು ಎಚ್‌ಎಫ್ ಹಸುವಿಗೆ ಜರ್ಸಿ ಕೊಡಿಸಿದರೆ ಹುಟ್ಟುವ ಕರು ಸಾಮಾನ್ಯವಾಗಿ ಕಪ್ಪೇ ಇರುತ್ತದೆ. ನಮ್ಮ ಕಡೆಯ ಯಾವ ಹಾಲಿನ ಡೇರಿಯ ಮುಂದೆ ನಿಂತು ಕೇಳಿದರೂ ಇದನ್ನು ಹೇಳುತ್ತಾರೆ. ಎಂದರೆ ಕಡ್ಡಿ ಬದಲಾಗಿದ್ದರೂ, ಆಗದಿದ್ದರೂ ಒಂದು ಸಂಗತಿ ಅಲುಗುವುದಿಲ್ಲ. ಈ ಕರು ಕೆಂಪಾಗಬೇಕಾದರೆ ನಿಮ್ಮ ಕಾಳಿಯ ಒಳಗೇ ಕೆಂಪು ಅಡಗಿರಬೇಕು. ಅರ್ಧ ಕಾರಣ ನಿಮ್ಮದೇ ಕೊಟ್ಟಿಗೆಯಲ್ಲಿದೆ. ಉಳಿದ ಅರ್ಧಕ್ಕೆ ಹೋರಿ ಕೆಂಪಾಗಿರಬೇಕೆಂದೇನೂ ಇಲ್ಲ. ಕಾಳಿಯ ಹಾಗೆಯೇ ಮೇಲೆ ಕಪ್ಪಾಗಿ, ಒಳಗೆ ಕೆಂಪನ್ನು ಹೊತ್ತುಕೊಂಡ ಹೋರಿಯಾದರೂ ಸಾಕು. ಎಚ್‌ಎಫ್ ತಳಿಯಲ್ಲಿ ಅಂಥ ಹೋರಿಗಳು ಹೊಸದೇನಲ್ಲ. ಅಮೆರಿಕದ ತಳಿ ಸಂಘದವರು ಬಹಳ ಕಾಲ ಕೆಂಪು-ಬಿಳಿ ಕರುಗಳನ್ನು ವಂಶಾವಳಿ ಪುಸ್ತಕದಿಂದ ಹೊರಗಿಟ್ಟಿದ್ದರು. ಆದರೂ ಕಪ್ಪು ಹಸುಗಳ ಹೊಟ್ಟೆಯಲ್ಲಿ ಅವು ಹುಟ್ಟುತ್ತಲೇ ಇದ್ದವು.

ಕೆಮ್ಮಣ್ಣಿನ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ ಎಂದು ದೊಡ್ಡಮ್ಮನವರಿಗೆ ಮೆಲ್ಲಗೆ ಹೇಳಿ. ಇಲ್ಲವಾದರೆ ಮಲೆನಾಡಿನ ಕರುಗಳೆಲ್ಲ ಹಸಿರಾಗಿ ಹುಟ್ಟಬೇಕಿತ್ತು.

ಸಾಗರದ ಅಡಿಕೆ ತೋಟ

ಡಾಕ್ಟರೇ, ಕೇಳಲು ಚೆನ್ನಾಗಿದೆ. ಆದರೆ ಕಾಳಿಯ ಮೊದಲಿನ ಕರುಗಳು? ಅವೂ ಕೆಂಪೇ ಇದ್ದವೇ?

ಆಗುಂಬೆ ದಾರಿಯ ಹೈನುಗಾರ

ಎರಡು ಕರು ಹಾಕಿದೆ. ಎರಡೂ ಕಪ್ಪು. ಬೇರೆ ಬೇರೆ ಹೋರಿಗಳದ್ದು.

ಸಾಗರದ ಅಡಿಕೆ ತೋಟ

ನೋಡಿದಿರಾ. ಹಾಗಾದರೆ ಹಸು ಶುದ್ಧ.

ಸೊರಬದ ಮೇಷ್ಟ್ರು

ಹಾಗೆ ಹೇಳಲು ಬರುವುದಿಲ್ಲ. ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟ ನನಗೆ ಈ ಕರು ನಿವೃತ್ತಿಯ ನಂತರ ಸಿಕ್ಕ ಒಳ್ಳೆಯ ಉದಾಹರಣೆ, ಆದ್ದರಿಂದ ಸ್ವಲ್ಪ ಉದ್ದ ಬರೆದರೆ ಸಹಿಸಿಕೊಳ್ಳಿ.

ಬಣ್ಣದ ವಿಷಯಕ್ಕೆ ಪ್ರತಿ ದನದ ಬಳಿಯೂ ಎರಡು ಚೀಟಿಗಳಿವೆ ಎಂದುಕೊಳ್ಳಿ, ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಕರುವಿಗೆ ಕೊಡುವಾಗ ಎರಡರಲ್ಲಿ ಒಂದನ್ನು ಮಾತ್ರ ಕೊಡುತ್ತದೆ. ಯಾವುದೆಂಬುದು ಕಣ್ಣು ಮುಚ್ಚಿ ಎತ್ತಿದ ಹಾಗೆ. ಎರಡರಲ್ಲಿ ಒಂದು ಕಪ್ಪು ಚೀಟಿ ಇದ್ದರೂ ಮೈ ಕಪ್ಪು. ಎರಡೂ ಕೆಂಪಾದರೆ ಮಾತ್ರ ಕೆಂಪು. ಕಾಳಿಯ ಬಳಿ ಒಂದು ಕಪ್ಪು, ಒಂದು ಕೆಂಪು. ಹೋರಿಯ ಬಳಿಯೂ ಹಾಗೆಯೇ. ಕಾಳಿ ಕೆಂಪು ಚೀಟಿ ಕೊಡುವ ಸಾಧ್ಯತೆ ಅರ್ಧ, ಹೋರಿ ಕೊಡುವುದೂ ಅರ್ಧ, ಎರಡೂ ಒಟ್ಟಿಗೆ ಕೂಡಿಬರುವುದು ನಾಲ್ಕರಲ್ಲಿ ಒಂದು ಸಲ. ಮೊದಲಿನ ಎರಡು ಹೋರಿಗಳ ಬಳಿ ಎರಡೂ ಕಪ್ಪು ಚೀಟಿಗಳೇ ಇದ್ದಿದ್ದರೆ ಕಾಳಿ ನೂರು ಕರು ಹಾಕಿದರೂ ಒಂದೂ ಕೆಂಪಾಗುತ್ತಿರಲಿಲ್ಲ. ಕಪ್ಪು ಕರುಗಳಿಂದ ಹಸುವಿನ ಶುದ್ಧತೆ ಸಾಬೀತಾಗುವುದಿಲ್ಲ. ಒಂದೇ ಒಂದು ಕೆಂಪು ಕರು ಎರಡು ಕಡೆಯ ಗುಟ್ಟನ್ನೂ ಬಯಲು ಮಾಡುತ್ತದೆ.

ಇದನ್ನು ಮೊದಲು ಲೆಕ್ಕ ಹಾಕಿ ಕಂಡವನು ಬ್ರನೋ ಎಂಬ ಊರಿನ ಕ್ರೈಸ್ತ ಮಠದ ಸನ್ಯಾಸಿ ಗ್ರೆಗರ್ ಮೆಂಡೆಲ್. ಮಠದ ಹಿತ್ತಲಿನಲ್ಲಿ ಬಟಾಣಿ ಬೆಳೆದು, ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದ. ಮೊದಲ ಪೀಳಿಗೆಯಲ್ಲಿ ಸುಕ್ಕು ಕಾಣೆಯಾಯಿತು. ಎರಡನೆಯದರಲ್ಲಿ 5,474 ದುಂಡು, 1,850 ಸುಕ್ಕು: ಹೆಚ್ಚು ಕಡಿಮೆ ಮೂರಕ್ಕೆ ಒಂದು. ಎಣಿಸಿದ್ದೇ ಅವನ ದೊಡ್ಡತನ. ಅವನಿಗಿಂತ ಮುಂಚೆಯೂ ಜನ ಗಿಡಗಳನ್ನು ಕೂಡಿಸಿದ್ದರು, ಹೀಗೆ ಕೂತು ಎಣಿಸಿದವರು ಕಡಿಮೆ. 1866ರಲ್ಲಿ ಅಚ್ಚಾದ ಆ ಬರಹದ ಮಹತ್ವ 1900ರವರೆಗೆ ಯಾರ ಗಮನಕ್ಕೂ ಬರಲಿಲ್ಲ.

ನಗರದ ಹೆಂಚಿನ ಮನೆ

ಮೇಷ್ಟ್ರೇ, ಹಾಗಾದರೆ ಕಾಳಿಯ ಅಜ್ಜಿ ಯಾವುದೋ ಕೆಂಪು ಮಲೆನಾಡು ಗಿಡ್ಡ ಇದ್ದಿರಬಹುದಲ್ಲವೇ? ನಮ್ಮಲ್ಲಿ ಗಿಡ್ಡ ತಳಿಯ ಹಸುಗಳಿಗೆ ಎಚ್‌ಎಫ್ ಕೊಡಿಸಿಯೇ ಕ್ರಾಸ್ ದನಗಳಾದದ್ದು.

ಹೊಸನಗರದ ಪಶುವೈದ್ಯೆ

ಇರಬಹುದು. ಆದರೆ ಎಲ್ಲ ಕೆಂಪೂ ಒಂದೇ ಕೆಂಪಲ್ಲ. ಎಚ್‌ಎಫ್‌ನ ಕೆಂಪಿಗೂ ಗಿಡ್ಡದ ಕೆಂಪಿಗೂ ಒಳಗಿನ ಕಾರಣ ಬೇರೆ ಇರಬಹುದು. ಕೆಳಗೆ ಬರೆಯುತ್ತೇನೆ, ಈಗ ಒಂದು ಕಷ್ಟದ ಹೆರಿಗೆಗೆ ಹೋಗಬೇಕಾಗಿದೆ.

ಪಿಯುಸಿ ಎರಡನೇ ವರ್ಷ

ಮೇಷ್ಟ್ರೇ, ಒಂದು ಪ್ರಶ್ನೆ. ನಮ್ಮ ಪಠ್ಯದಲ್ಲಿ ಮೆಂಡೆಲ್ ಒಂದು ಅಧ್ಯಾಯ, ಡಿಎನ್‌ಎಯಿಂದ ಪ್ರೋಟೀನ್ ಆಗುವುದು ಅದರ ಮುಂದಿನ ಅಧ್ಯಾಯ. ಎರಡನ್ನೂ ಬಾಯಿಪಾಠ ಮಾಡಿದ್ದೇನೆ. ಆದರೆ ಕಪ್ಪು "ಪ್ರಬಲ", ಕೆಂಪು "ದುರ್ಬಲ" ಎಂದರೆ ಏನು? ಕಪ್ಪು ಚೀಟಿ ಕೆಂಪು ಚೀಟಿಯನ್ನು ಹೊಡೆದು ಕೂರಿಸುತ್ತದೆಯೇ? ಚೀಟಿಯಲ್ಲಿ ಬರೆದಿರುವುದಾದರೂ ಏನು?

ಸೊರಬದ ಮೇಷ್ಟ್ರು

ಆ "ದುರ್ಬಲ" ಎಂಬ ಪದವನ್ನು ಪಠ್ಯಕ್ಕೆ ತಂದವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಅದು ಕಾಯಿಲೆಯ ಹೆಸರಿನಂತೆ ಕೇಳುತ್ತದೆ. "ಅಡಗಿರುವ" ಎಂದಿದ್ದರೆ ಎಷ್ಟೋ ವಾಸಿಯಿತ್ತು. ಯಾರೂ ಯಾರನ್ನೂ ಹೊಡೆಯುವುದಿಲ್ಲ ಮಗೂ. ಚೀಟಿಯಲ್ಲಿ ಬರೆದಿರುವುದು "ಕಪ್ಪು" ಎಂದೂ ಅಲ್ಲ, "ಕೆಂಪು" ಎಂದೂ ಅಲ್ಲ. ಒಂದು ಪ್ರೋಟೀನನ್ನು ಹೇಗೆ ಜೋಡಿಸಬೇಕು ಎಂಬುದು ಮಾತ್ರ. ಉಳಿದದ್ದನ್ನು ಡಾಕ್ಟರು ಹೇಳಲಿ, ದನದ ವಿಷಯದಲ್ಲಿ ನಾನು ಪುಸ್ತಕದ ಪಂಡಿತ.

ಹೊಸನಗರದ ಪಶುವೈದ್ಯೆ

ಕರು ಉಳಿಯಿತು, ತಾಯಿಯೂ ಉಳಿಯಿತು. ಈಗ ಬರೆಯುತ್ತೇನೆ.

ಹಸುವಿನ ಜೀವಕೋಶದಲ್ಲಿ ಡಿಎನ್‌ಎ ಇರುವ ಎಳೆಗಳು, ಎಂದರೆ ವರ್ಣತಂತುಗಳು, 60: 30 ಜೊತೆ. ನಮಗೆ ಬೇಕಾದ ಜೀನು, ಎಂದರೆ ಮೇಷ್ಟ್ರು ಹೇಳಿದ ಚೀಟಿ, 18ನೇ ಜೊತೆಯಲ್ಲಿದೆ, ಹೆಸರು ಎಂಸಿ1ಆರ್. ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. ಅವುಗಳ ಹೊರಪೊರೆಯಲ್ಲಿ ಕೂರುವ ಒಂದು ಪ್ರೋಟೀನು ಈ ಜೀನಿನ ಕೆಲಸ. ಅದನ್ನು ಮನೆಯ ಬಾಗಿಲಿನ ಕರೆಗಂಟೆ ಎಂದುಕೊಳ್ಳಿ. ಹೊರಗಿನಿಂದ ಒಂದು ಹಾರ್ಮೋನು ಬಂದು ಗಂಟೆ ಒತ್ತಿದರೆ ಒಳಗೆ ಕಪ್ಪು ಬಣ್ಣದ ತಯಾರಿ ಶುರುವಾಗುತ್ತದೆ. ಗಂಟೆ ಬಾರಿಸದಿದ್ದರೆ ಅದೇ ಜೀವಕೋಶ ಕೆಂಪು-ಹಳದಿ ಬಣ್ಣವನ್ನು ಮಾಡಿಕೊಂಡಿರುತ್ತದೆ.

ಕಪ್ಪು ಎಚ್‌ಎಫ್‌ನಲ್ಲಿ ಈ ಗಂಟೆಯ 99ನೇ ಕೊಂಡಿ ಬದಲಾಗಿದೆ. ಪ್ರೋಟೀನು ಎಂದರೆ ಅಮೈನೊ ಆಮ್ಲಗಳೆಂಬ ಕೊಂಡಿಗಳ ಸರಪಳಿ. ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಬಂದು ಕುಳಿತಿದೆ. ಅಷ್ಟಕ್ಕೇ ಗಂಟೆಯ ಗುಂಡಿ ಒಳಗೆ ಸಿಕ್ಕಿಹಾಕಿಕೊಂಡಂತಾಗಿ, ಯಾರೂ ಒತ್ತದಿದ್ದರೂ ಬಾರಿಸುತ್ತಲೇ ಇರುತ್ತದೆ. ಕೆಂಪು ಎಚ್‌ಎಫ್‌ನಲ್ಲಿ ಗಂಟೆಯೇ ಕಿತ್ತುಹೋಗಿದೆ, ಯಾರು ಒತ್ತಿದರೂ ಸದ್ದಿಲ್ಲ. ಈಗ ಕಾಳಿಯನ್ನು ನೋಡಿ. ಅದಕ್ಕೆ ಎರಡು ಗಂಟೆ: ಒಂದು ಬಿಡದೆ ಬಾರಿಸುವುದು, ಇನ್ನೊಂದು ಕೆಟ್ಟದ್ದು. ಒಂದು ಸುಮ್ಮನಿದ್ದರೇನಂತೆ, ಇನ್ನೊಂದು ಬಾರಿಸುತ್ತಿದ್ದರೆ ಮನೆಯವರು ಎದ್ದೇ ಏಳುತ್ತಾರೆ, ಕಪ್ಪು ತಯಾರಾಗಿಯೇ ಆಗುತ್ತದೆ. ಪ್ರಬಲ ಎಂದರೆ ಇಷ್ಟೇ. ಕರುವಿಗೆ ಸಿಕ್ಕಿದ್ದು ಎರಡೂ ಕೆಟ್ಟ ಗಂಟೆಗಳು.

ಜರ್ಸಿಯಲ್ಲಿ ಸಾಮಾನ್ಯವಾಗಿ ಇರುವುದು ಮೂರನೆಯ ಬಗೆ: ಸರಿಯಾದ ಗಂಟೆ, ಒತ್ತಿದರೆ ಮಾತ್ರ ಬಾರಿಸುವುದು. ಅದನ್ನು ಒತ್ತಗೊಡದೆ ತಡೆಯುವ ಬೇರೊಂದು ಪ್ರೋಟೀನೂ ಇದೆ. ಅದು ಮೈಯ ಯಾವ ಭಾಗದಲ್ಲಿ ಎಷ್ಟು ತಡೆಯುತ್ತದೆ ಎಂಬುದರ ಮೇಲೆ ಕಂದು, ಹೊಗೆಬಣ್ಣ, ಕಪ್ಪು ಮೂತಿ ಎಲ್ಲ ಬರುತ್ತವೆ. ಇಂಥ ಗಂಟೆಯ ದನವೂ ಕೆಂಪಾಗಿ ಕಾಣಬಹುದು. ಆದ್ದರಿಂದಲೇ ಗಿಡ್ಡದ ಕೆಂಪನ್ನು ನೋಡಿ ಇದೂ ಅದೇ ಎನ್ನಲು ನಾನು ಹಿಂಜರಿದೆ.

ಮೈಮೇಲಿನ ಬಿಳಿ ಮಚ್ಚೆಯದು ಬೇರೆಯೇ ಕಥೆ. ಅಲ್ಲಿನ ಚರ್ಮದಲ್ಲೂ ಎಂಸಿ1ಆರ್ ಜೀನು ಇದ್ದೇ ಇದೆ, ಬಣ್ಣದ ಜೀವಕೋಶಗಳು ಮಾತ್ರ ಅಲ್ಲಿಗೆ ತಲುಪಿಲ್ಲ. ಮನೆಯೇ ಇಲ್ಲದ ಕಡೆ ಗಂಟೆಯ ಮಾತೇಕೆ.

ಪಿಯುಸಿ ಎರಡನೇ ವರ್ಷ

ಈಗ ತಿಳಿಯಿತು ಡಾಕ್ಟರೇ. ಗಂಟೆ ಕಿತ್ತುಹೋದದ್ದು ಹೇಗೆ? ಡಿಎನ್‌ಎಯ ದೊಡ್ಡ ತುಂಡು ಕಳೆದುಹೋಗಿದೆಯೇ?

ಹೊಸನಗರದ ಪಶುವೈದ್ಯೆ

ಒಂದು ಅಕ್ಷರ. ಡಿಎನ್‌ಎಯ ಬರಹವೆಲ್ಲ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳದ್ದು. ಕಳೆದುಹೋದದ್ದು ಜೀನಿನ 310ನೇ ಸ್ಥಾನದಲ್ಲಿದ್ದ ಒಂದು ಜಿ.

ಸಾಗರದ ಅಡಿಕೆ ತೋಟ

ಒಂದೇ ಅಕ್ಷರಕ್ಕೆ ಇಷ್ಟೆಲ್ಲ ಆಗುತ್ತದೆಯೇ? ನಮ್ಮ ತೋಟದ ಪಹಣಿಯಲ್ಲಿ ತಂದೆಯವರ ಹೆಸರೇ ತಪ್ಪಿದೆ, ಅಡಿಕೆ ಬರುವುದೇನೂ ನಿಂತಿಲ್ಲ.

ಸೊರಬದ ಮೇಷ್ಟ್ರು

ಪಹಣಿ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ದಾಖಲೆ ಕೊಠಡಿಯ ಮೂಲ ಪುಸ್ತಕವನ್ನು ಯಾರ ಕೈಗೂ ಕೊಡುವುದಿಲ್ಲ, ನಕಲು ಕೊಡುತ್ತಾರೆ. ಡಿಎನ್‌ಎಯದೂ ಇದೇ ಶಿಸ್ತು. ಅದು ಕೋಶಕೇಂದ್ರ ಬಿಟ್ಟು ಹೊರಗೆ ಬರುವುದಿಲ್ಲ. ಬೇಕಾದ ಜೀನಿನ ಭಾಗವನ್ನಷ್ಟೇ ಬಿಚ್ಚಿ ಆರ್‌ಎನ್‌ಎ ಎಂಬ ನಕಲು ತೆಗೆಯಲಾಗುತ್ತದೆ. ನಕಲಿನಲ್ಲಿ ಟಿ ಇರಬೇಕಾದಲ್ಲಿ ಯು ಇರುತ್ತದೆ. ಹೊರಗೆ ರೈಬೋಸೋಮ್ ಎಂಬ ಯಂತ್ರ ಆ ನಕಲನ್ನು ಹಿಡಿದು ಓದುತ್ತದೆ. ಹೇಗೆ ಓದುತ್ತದೆ ಎಂಬುದೇ ಇಲ್ಲಿ ಮುಖ್ಯ: ಅದಕ್ಕೆ ಪದಗಳ ನಡುವಿನ ಜಾಗ ಗೊತ್ತಿಲ್ಲ, ಅಲ್ಪವಿರಾಮ ಗೊತ್ತಿಲ್ಲ. ಎಯುಜಿ ಎಂಬಲ್ಲಿ ಆರಂಭಿಸಿ ಮೂರು ಮೂರು ಅಕ್ಷರ ಎಣಿಸುತ್ತಾ ಹೋಗುತ್ತದೆ. ಪ್ರತಿ ಮೂರಕ್ಕೂ ಸರಿಹೊಂದುವ ಸಣ್ಣ ಸಾಗಣೆ ಆರ್‌ಎನ್‌ಎ ಒಂದೊಂದು ಅಮೈನೊ ಆಮ್ಲವನ್ನು ಹೊತ್ತು ತರುತ್ತದೆ, ರೈಬೋಸೋಮ್ ಅವನ್ನು ಸರಪಳಿಯಂತೆ ಪೋಣಿಸುತ್ತದೆ. ನಾಲ್ಕು ಅಕ್ಷರಗಳಿಂದ ಮೂರರ ಗುಂಪು 64. ಅದರಲ್ಲಿ 61 ಗುಂಪುಗಳು 20 ಅಮೈನೊ ಆಮ್ಲಗಳನ್ನು ಸೂಚಿಸುತ್ತವೆ, ಉಳಿದ ಮೂರು "ಸಾಕು, ನಿಲ್ಲಿಸು" ಎನ್ನುತ್ತವೆ.

ತರಗತಿಯಲ್ಲಿ ನಾನು ಒಂದು ವಾಕ್ಯ ಬರೆಯುತ್ತಿದ್ದೆ. ಪ್ರತಿ ಪದದಲ್ಲೂ ಮೂರೇ ಅಕ್ಷರ:

ಕರಿಯ ಹಸುವು ತೋಟದ ಗರಿಕೆ ಮೇಯಿತು

ಒಂದು ಅಕ್ಷರ ಬದಲಾದರೆ, ಉದಾಹರಣೆಗೆ ಕ ಹೋಗಿ ಕಿ ಆದರೆ, "ಕಿರಿಯ ಹಸುವು ತೋಟದ ಗರಿಕೆ ಮೇಯಿತು". ಅರ್ಥ ಒಂದು ಕಡೆ ಕದಲಿತು, ಉಳಿದದ್ದು ನೆಟ್ಟಗಿದೆ. ನಿಮ್ಮ ಪಹಣಿಯ ತಪ್ಪು ಈ ಜಾತಿಯದ್ದು. ಈಗ ಬದಲಿಸಬೇಡಿ, "ಹಸುವು" ಎಂಬುದರ ಸು ಒಂದನ್ನು ಅಳಿಸಿಬಿಡಿ. ಓದುವವನು ಮಾತ್ರ ಹಟದಿಂದ ಮೂರು ಮೂರೇ ಓದಬೇಕು:

ಕರಿಯ ಹವುತೋ ಟದಗ ರಿಕೆಮೇ ಯಿತು

ತಪ್ಪಾದದ್ದು ಒಂದು ಕಡೆ, ಕೆಟ್ಟದ್ದು ಅಲ್ಲಿಂದ ಮುಂದಿನ ಎಲ್ಲವೂ. ಹುಡುಗರು ನಗುತ್ತಿದ್ದರು, ಆದರೆ ಮರೆಯುತ್ತಿರಲಿಲ್ಲ. ಒಬ್ಬ ಹುಡುಗ ಮುಂದೆ ಬಂದು ತೋ ಮತ್ತು ದ ಎರಡನ್ನೂ ಅಳಿಸಿದ. ಒಟ್ಟು ಮೂರು ಅಕ್ಷರ ಹೋದವು. ಆಗ ಹಲಗೆಯ ಮೇಲೆ ಉಳಿದದ್ದು: ಕರಿಯ ಹವುಟ ಗರಿಕೆ ಮೇಯಿತು. ನಡುವೆ ಒಂದು ಪದ ಹಾಳು, ಕೊನೆ ಮತ್ತೆ ಸರಿ! ಆ ಹುಡುಗನಿಗೆ ಗೊತ್ತಿರಲಿಲ್ಲ, 1961ರಲ್ಲಿ ಫ್ರಾನ್ಸಿಸ್ ಕ್ರಿಕ್, ಸಿಡ್ನಿ ಬ್ರೆನರ್ ಮತ್ತು ಜೊತೆಗಾರರು ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್‌ನಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಒಂದು ಅಕ್ಷರ ಹೋದರೆ ಕೆಟ್ಟಿತು, ಎರಡು ಹೋದರೂ ಕೆಟ್ಟಿತು, ಮೂರು ಹೋದಾಗ ಸುಧಾರಿಸಿತು. ಓದು ಮೂರರ ಲೆಕ್ಕದಲ್ಲೇ ನಡೆಯುತ್ತದೆ ಎಂಬುದಕ್ಕೆ ಸಿಕ್ಕ ಪುರಾವೆ ಅದು. ಯಾವ ಮೂರಕ್ಕೆ ಯಾವ ಅಮೈನೊ ಆಮ್ಲ ಎಂಬ ನಿಘಂಟನ್ನು ಬಿಡಿಸಿದ್ದಕ್ಕೆ 1968ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಅವಿಭಜಿತ ಪಂಜಾಬಿನಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಒಬ್ಬರು.

ಹೊಸನಗರದ ಪಶುವೈದ್ಯೆ

ಮೇಷ್ಟ್ರ ವಾಕ್ಯವನ್ನು ಕರುವಿನ ಮೇಲಿಟ್ಟು ನೋಡಿ. ಸರಿಯಾದ ಗಂಟೆಯಲ್ಲಿ 317 ಅಮೈನೊ ಆಮ್ಲಗಳು, ಎಂದರೆ 951 ಅಕ್ಷರ, ಜೊತೆಗೆ ನಿಲ್ಲಿಸು ಎನ್ನುವ ಮೂರು. 310ನೇ ಅಕ್ಷರ 104ನೇ ಗುಂಪಿನ ಮೊದಲನೆಯದು. ಅದು ಹೋದಾಗ 103ರವರೆಗೆ ಎಲ್ಲ ಸರಿ, ಅಲ್ಲಿಂದ ಮುಂದೆ "ಹವುತೋ ಟದಗ". ಹೀಗೆ ಅಡ್ಡಾದಿಡ್ಡಿ ಓದುತ್ತಾ ಹೋದ ರೈಬೋಸೋಮಿಗೆ 155ನೇ ಗುಂಪಿನಲ್ಲಿ ಅಕಸ್ಮಾತ್ತಾಗಿ ನಿಲ್ಲಿಸು ಎಂಬ ಗುರುತು ಎದುರಾಗುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಜೀವಕೋಶದ ಪೊರೆಯನ್ನು ಏಳು ಸಲ ಹೊಕ್ಕು ಹೊರಬರಬೇಕಾಗಿದ್ದ ಪ್ರೋಟೀನು ಅರ್ಧಕ್ಕೇ ಮೊಟಕು. ಕೊಟ್ಟಿಗೆಯಲ್ಲಿ ನಿಂತಿರುವ ಹೆಂಚಿನ ಬಣ್ಣ ಅದೇ.

ಸೊರಬದ ಮೇಷ್ಟ್ರು

ಸೊರಬದವನಾಗಿ ಒಂದು ಮಾತು ಸೇರಿಸದೆ ಇರಲಾರೆ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ವೈರಸ್ ಇದೆಯಲ್ಲ, ಅದರ ಬಳಿ ಡಿಎನ್‌ಎಯೇ ಇಲ್ಲ. ಇರುವುದು ಬರೀ ಆರ್‌ಎನ್‌ಎ, ಅದೂ ನಕಲಿನ ರೂಪದಲ್ಲೇ. ಉಣುಗು ಕಚ್ಚಿ ಒಳಗೆ ಬಿಟ್ಟರೆ ಕಚೇರಿ, ಅರ್ಜಿ, ದಾಖಲೆ ಕೊಠಡಿ ಯಾವುದೂ ಬೇಕಿಲ್ಲ. ನಮ್ಮ ರೈಬೋಸೋಮ್‌ಗಳು ಅದನ್ನು ನಮ್ಮದೇ ನಕಲು ಎಂದುಕೊಂಡು ನೇರವಾಗಿ ಓದಿ, ಉದ್ದನೆಯ ಒಂದೇ ಪ್ರೋಟೀನು ಪೋಣಿಸಿಕೊಡುತ್ತವೆ. ಆಮೇಲೆ ಅದು ತುಂಡು ತುಂಡಾಗಿ ವೈರಸ್‌ಗೆ ಬೇಕಾದ ಭಾಗಗಳಾಗುತ್ತದೆ. ಓದುವ ಯಂತ್ರಕ್ಕೆ ಬರೆದವರು ಯಾರು ಎಂಬ ವಿಚಾರಣೆ ಇಲ್ಲ.

ಸಾಗರದ ಅಡಿಕೆ ತೋಟ

ಸರಿ, ದೂರಿನ ಮಾತು ಹಿಂದೆ ತೆಗೆದುಕೊಂಡೆ. ನನ್ನದೊಂದು ಕೇಳಲೇ? ತೋಟದಲ್ಲಿ ಒಂದು ಮರವಿದೆ, ಗೊನೆ ನೋಡಿದರೆ ಕಣ್ಣು ತುಂಬುತ್ತದೆ. ಅದರದ್ದೇ ಬೀಜದಡಿಕೆ ಹಾಕಿ ಅರವತ್ತು ಸಸಿ ಎಬ್ಬಿಸಿದೆ. ಫಸಲಿಗೆ ಬಂದ ಮೇಲೆ ನೋಡಿದರೆ ತಾಯಿಯ ಹಾಗಿರುವವು ಬೆರಳೆಣಿಕೆಯಷ್ಟು.

ಸೊರಬದ ಮೇಷ್ಟ್ರು

ತಾಯಿಯನ್ನು ನೀವು ಆರಿಸಿದಿರಿ, ತಂದೆಯನ್ನು ಗಾಳಿ ಆರಿಸಿತು. ಅಡಿಕೆಯ ಹಿಂಗಾರದಲ್ಲಿ ಗಂಡು ಹೂಗಳ ಕಾಲ ಮೊದಲು, ಹೆಣ್ಣು ಹೂಗಳದ್ದು ಆಮೇಲೆ. ಹಾಗಾಗಿ ಪರಾಗ ಹೆಚ್ಚಾಗಿ ಬೇರೆ ಮರದ್ದೇ. ಮೇಲಾಗಿ ಇಳುವರಿ ಎಂಬುದು ಕರುವಿನ ಬಣ್ಣದ ಹಾಗೆ ಒಂದು ಜೀನಿನ ಆಟವಲ್ಲ. ಹತ್ತಾರು ಜೀನುಗಳು, ಗೊಬ್ಬರ, ನೀರು, ಕೊಳೆರೋಗ ಎಲ್ಲ ಕೈ ಹಾಕುತ್ತವೆ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಕರುವಿಗೆ ಅನ್ಯಾಯವಾಗುತ್ತದೆ.

ನಗರದ ಹೆಂಚಿನ ಮನೆ

ಕೆಂಪಾದ ಮಾತ್ರಕ್ಕೆ ಹಾಲು ಕಡಿಮೆಯಾಗುತ್ತದೆಯೇ? ನಮ್ಮ ಅಜ್ಜ ಕೆಂದ ಹಸುವನ್ನು ಕಪಿಲೆ ಎಂದು ಕೈಮುಗಿಯುತ್ತಿದ್ದರು. ಈಗಿನ ವ್ಯಾಪಾರಿಗಳು ಬಣ್ಣ ನೋಡಿ ಬೆಲೆ ಇಳಿಸುತ್ತಾರೆ.

ಹೊಸನಗರದ ಪಶುವೈದ್ಯೆ

ಬಣ್ಣದ ಕಾರಣಕ್ಕೆ ಕಡಿಮೆಯಾಗುವುದಿಲ್ಲ. ವ್ಯಾಪಾರಿಗಳಿಗೆ ಇಳಿಸಲು ಒಂದು ನೆಪ ಬೇಕು, ಇವತ್ತು ಬಣ್ಣ, ನಾಳೆ ಕೊಂಬು.

ಪಿಯುಸಿ ಎರಡನೇ ವರ್ಷ

ನಾನೊಂದು ಲೆಕ್ಕ ಮಾಡಿದ್ದೇನೆ, ತಪ್ಪಿದ್ದರೆ ತಿದ್ದಿ. ಇದೇ ಕಾಳಿಗೆ ಇದೇ ಹೋರಿಯಿಂದ ಮುಂದಿನ ಸಲ ಕಪ್ಪು ಕರು ಹುಟ್ಟಿದರೆ, ಅದರೊಳಗೆ ಕೆಂಪು ಅಡಗಿರುವ ಸಾಧ್ಯತೆ ಅರ್ಧವಲ್ಲ, ಮೂರರಲ್ಲಿ ಎರಡು. ನಾಲ್ಕು ಬಗೆಯಲ್ಲಿ ಒಂದು ಕೆಂಪು, ಅದು ಕಪ್ಪಲ್ಲ ಎಂದು ಕಣ್ಣಿಗೇ ಕಾಣುತ್ತದೆ. ಉಳಿದ ಮೂರರಲ್ಲಿ ಎರಡಕ್ಕೆ ಒಂದೊಂದು ಕೆಂಪು ಚೀಟಿ ಇದೆ. ಈಗಿನ ಕೆಂಪು ಕರು ದೊಡ್ಡದಾಗಿ ಅದಕ್ಕೆ ಅಪ್ಪಟ ಕಪ್ಪು ಹೋರಿ ಕೊಡಿಸಿದರೆ ಕರುಗಳೆಲ್ಲ ಕಪ್ಪು, ಆದರೆ ಎಲ್ಲವೂ ಕೆಂಪನ್ನು ಹೊತ್ತವು.

ಸೊರಬದ ಮೇಷ್ಟ್ರು

ಹತ್ತಕ್ಕೆ ಹತ್ತು. ನನ್ನ ಕಾಲದಲ್ಲಿ ಆ ಮೂರರಲ್ಲಿ ಎರಡಕ್ಕೆ ಅರ್ಧ ತರಗತಿ ಎಡವುತ್ತಿತ್ತು.

ಆಗುಂಬೆ ದಾರಿಯ ಹೈನುಗಾರ

ಎಲ್ಲವನ್ನೂ ಎರಡೆರಡು ಸಲ ಓದಿದೆ. ಆದರೂ ಒಂದು ಮುಳ್ಳು ಉಳಿದಿದೆ. ಕಡ್ಡಿ ಬದಲಾಗಿರಲು ಸಾಧ್ಯವೇ ಇಲ್ಲ ಎಂದು ನೀವು ಯಾರೂ ಹೇಳಲಿಲ್ಲ, ಬದಲಾಗಲೇಬೇಕಿಲ್ಲ ಎಂದು ಮಾತ್ರ ಹೇಳಿದಿರಿ.

ಹೊಸನಗರದ ಪಶುವೈದ್ಯೆ

ಸರಿಯಾಗಿ ಹಿಡಿದಿರಿ. ಖಚಿತವಾಗಬೇಕಾದರೆ ಕರು, ತಾಯಿ, ಹೋರಿ ಮೂರರ ಡಿಎನ್‌ಎ ಹೋಲಿಸಬೇಕು. ಕರುವಿನ ಪ್ರತಿ ಗುರುತಿನಲ್ಲೂ ಅರ್ಧ ತಾಯಿಯದು, ಉಳಿದರ್ಧ ಹೋರಿಯಲ್ಲಿ ಸಿಗಲೇಬೇಕು. ಹಲವು ಕಡೆ ಹೊಂದಿಕೆಯಾಗದಿದ್ದರೆ ಆ ಹೋರಿ ತಂದೆಯಲ್ಲ. ಒಂದು ಕರುವಿಗಾಗಿ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಅದಕ್ಕಿಂತ ಸುಲಭದ್ದು, ಅದೇ ಸಂಖ್ಯೆಯ ಹೋರಿಯಿಂದ ಬೇರೆ ಊರುಗಳಲ್ಲಿ ಹುಟ್ಟಿದ ಕರುಗಳನ್ನು ವಿಚಾರಿಸುವುದು.

ಆಗುಂಬೆ ದಾರಿಯ ಹೈನುಗಾರ

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಫೋನಿನಲ್ಲಿ ಆಡಿದ ಮಾತು ಕೊರೆಯುತ್ತಿತ್ತು. ಗಿಣ್ಣು ಕಾಸಿದ ಪಾತ್ರೆ ಹಿಡಿದು ಅವರ ಮನೆಗೇ ಹೋದೆ. ಅವರು ಏನನ್ನೂ ಹೇಳದೆ ಒಳಗಿನಿಂದ ಒಂದು ನೋಟ್‌ಬುಕ್ ತಂದರು. ಸರ್ಕಾರಿ ರಿಜಿಸ್ಟರ್ ಅಲ್ಲ, ಅವರದೇ ಖಾಸಗಿ ಲೆಕ್ಕ: ತಾರೀಖು, ಮನೆ, ಹಸುವಿನ ಬಣ್ಣ, ಹೋರಿಯ ಸಂಖ್ಯೆ, ಹುಟ್ಟಿದ ಕರು. ನಮ್ಮ ಕಾರ್ಡಿನಲ್ಲಿದ್ದ ಸಂಖ್ಯೆಯ ಎದುರಿಗೆ ಹನ್ನೊಂದು ಕರುಗಳಿದ್ದವು. ಒಂಬತ್ತು ಕಪ್ಪು. ಮೇಗರವಳ್ಳಿ ಕಡೆಯದ್ದೊಂದು, ಕಮ್ಮರಡಿ ಕಡೆಯದ್ದೊಂದು ಸಾಲಿನ ಕೊನೆಯಲ್ಲಿ ಸೀಸದ ಕಡ್ಡಿಯಲ್ಲಿ "ಕೆಂಪು" ಎಂದಿತ್ತು. ಎರಡೂ ಕಪ್ಪು ಹಸುಗಳದ್ದೇ. "ಮೊದಲೇ ಯಾಕೆ ಹೇಳಲಿಲ್ಲ?" ಎಂದೆ. "ಅಲ್ಲಿ ಇಬ್ಬರೂ ಬೈದಿದ್ದರು. ನೀವು ಮೂರನೆಯವರು" ಎಂದರು. ಹನ್ನೆರಡನೆಯ ಸಾಲನ್ನು ನನ್ನ ಎದುರೇ ತುಂಬಿದರು.

ಹೊಸನಗರದ ಪಶುವೈದ್ಯೆ

ಆ ಹೋರಿಯ ಸಂಖ್ಯೆಯನ್ನು ನನಗೆ ಖಾಸಗಿಯಾಗಿ ಕಳುಹಿಸಿ. ಆ ನೋಟ್‌ಬುಕ್‌ನ ಪುಟದ ಫೋಟೊ ತೆಗೆಯಲು ಅವರು ಒಪ್ಪುತ್ತಾರೆಯೇ ಎಂದೂ ಕೇಳಿ ನೋಡಿ.

ಆಗುಂಬೆ ದಾರಿಯ ಹೈನುಗಾರ

ಕೇಳುತ್ತೇನೆ. ಕರುವಿಗೆ ದೊಡ್ಡಮ್ಮ ಕೆಂಪಿ ಎಂದು ಹೆಸರಿಟ್ಟಾಗಿದೆ. ಗುಂಡಿಯ ಪಕ್ಕದ ಗೂಟವನ್ನೂ ಕೀಳಿಸಿದ್ದಾರೆ.